ಮೀನೆಣ್ಣೆ ಹಚ್ಚಿದ ಬಸ್ಸು

"ಹಲೋ… ಹಲೋ, ಯಾರ್ ಮಾತಾಡುದ್? ಮಂಗ್ಳೂರ್ ಪೇಂಟಿನ ಅಂಗ್ಡಿಯಾ?… ಹಾಂ, ಲೀಲಾಧರ್ರೇ ಅಲ್ದಾ? ನಾನ್ ವೈಕುಂಠ, ಕುಂದಾಪುರ್ದಿಂದ. ಬಸ್ಸಿನ ವೈಕುಂಠ."

೧೯೪೯ರ ಫೆಬ್ರವರಿ. ಕುಂದಾಪುರದ ಅಂಚೆ ಕಚೇರಿಯಲ್ಲಿ ವೈಕುಂಠ ಐತಾಳ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ತಂತಿಯಿಲ್ಲದಿದ್ದರೂ ಮಂಗಳೂರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದ. ಹೊಳೆಯಾಚೆಯಿಂದ ಮರವಂತೆ ಮಾರ್ಗವಾಗಿ ಬೈಂದೂರಿಗೆ ಹೋಗುವ ಬಸ್ಸು ಅವನದು. ನಾಳೆ ಅದೇ ಬಸ್ಸಿನಲ್ಲಿ ಸಾಲಿಗ್ರಾಮದ ದಾಮೋದರ ಉಪಾಧ್ಯರು ಮನೆಮಂದಿಯೊಂದಿಗೆ ಬೈಂದೂರಿನ ಅವನ ಮನೆ ನೋಡಲು ಬರುವವರಿದ್ದರು. ಒಪ್ಪಿಗೆಯಾದರೆ ಮಗಳು ಪದ್ಮಾಕ್ಷಿಯನ್ನು ಕೊಡುವುದೆಂದು ಮಾತು.

"ಬಂಪರು, ಮಡ್ಗಾರ್ಡು, ಎಲ್ಲಕ್ಕೂ ಬೇಕ್. ತುಕ್ಕ್ ಹಿಡೀದಂತದ್ದ್… ಹಾಂ?… ನಿಕ್ಕೆಲ್ ಲೇಪವಾ? ಬ್ಯಾಡ ಮಾರಾಯ್ರೆ. ಹೋದ್ ವರ್ಷ ನೀವೇ ಹಾಕ್ಸಿ ಕೊಟ್ಟದ್ದ್ ಅಲ್ದಾ? ಮರವಂತೆ ಹತ್ರ ಎಡಕ್ಕ್ ಕಡ್ಲ್, ಬಲಕ್ಕ್ ಹೊಳಿ. ಒಂದ್ ಮಳ್ಗಾಲಕ್ಕೆ ಹಪ್ಳದ ಹಾಂಗೆ ಎದ್ದ್ ಹೋಯ್ತ್."

"ಸತುವಿನ ಲೇಪ… ಬಾಲ್ದಿಗೆ ಹಾಕ್ತ್ರಲ, ಅದಾ?… ಬೊಂಬಾಯಿಗೆ ಕಳ್ಸುಕಾ? ಒಂದ್ ತಿಂಗ್ಳ್ ಮಡ್ಗಾರ್ಡ್ ಇಲ್ದೇ ಬಸ್ ಬಿಡುಕಾ?"

"ಹಾಂ, ಕೆಂಪು ಸೀಸದ ಬಣ್ಣ ಒಂದ್ ಕೈ, ಅದ್ರ ಮೇಲೆ ಕಪ್ಪು ಎನಾಮೆಲ್ ಎರಡ್ ಕೈ… ಉಪ್ಪುಗಾಳಿಗೆ ತಡಿತ್ತಾ?… ಅದೇ ಆಯ್ಲಿ."

"ಈಗ ಎಂತ ಹಚ್ಚಿದ್ದ್ ಅಂದ್ರೆ… ಎಣ್ಣೆ… ಕೇಣ್ತಿಲ್ಯಾ? ಮೀನೆಣ್ಣೆ. ಬೈಗೆ ಮೀನಿನ ಎಣ್ಣೆ."

ಸ್ಟಾಂಪಿಗೆ ನಿಂತಿದ್ದ ಸಾಲು ಇತ್ತ ತಿರುಗಿತು.

"ನಗಾಡ್ಬೇಡಿ. ನಮ್ ಡ್ರೈವರ್ ಮುತ್ತ ಗಂಗೊಳ್ಳಿಯವ. ಅವ್ರ ಮನಿ ದೋಣಿಗೆಲ್ಲ ಅದೇ ಹಚ್ಚುದ್. ಉಪ್ಪುನೀರಲ್ಲೇ ಇಪ್ಪ ದೋಣಿಗೇ ಎಂತ ಆತಿಲ್ಲೆ, ಬಸ್ಸಿಗೆ ಆತ್ತಾ ಅಂದ… ದೋಣಿ ಮರದ್ದಾ?… ಹೌದಲೆ, ಮರದ್ದೇ. ಅದ್ ನಂಗ್ ಹೊಳೀಲಿಲ್ಲೆ."

"ತುಕ್ಕ್ ಒಂದ್ ಚುಕ್ಕಿ ಇಲ್ಲೆ, ಅದ್ ಸುಳ್ಳಲ್ಲ. ಆರೆ ಬಸ್ ನಿಂತಲ್ಲೆಲ್ಲ ಬೆಕ್ಕ್ ಬತ್ತ್. ಬೈಂದೂರಿನ ವರೆಗೆ ಕಾಕಿ ಹಿಂಡ್ ಹಿಂದೆ. ನಿನ್ನೆ ಹತ್ತಿದವ್ರೊಬ್ರ್ ಮೀನಿನ ಬುಟ್ಟಿ ಎಲ್ಲಿತ್ತ್, ಎಷ್ಟಕ್ಕ್ ಕೊಡ್ತ್ರಿ ಅಂದ್ ಕೇಂಡ್ರ್."

"ಉಪಾಧ್ಯರ್ ಹೆಂಡ್ತಿ ಗೋದಾವರಮ್ಮ ಇದ್ರಲೆ, ಬೆಳ್ಳುಳ್ಳಿ ತಿಂದವ್ರ್ ಜಗಲಿ ಹತ್ತಿದ್ರೆ ಅಡುಗೆ ಮನಿಂದ್ಲೇ ಹೇಳ್ತ್ರಂಬ್ರ್. ಈ ಮೀನೆಣ್ಣೆ ನಾತಕ್ಕೆ ಎಂತ ಹೇಳ್ತ್ರೊ… ಹಾಂ? ಎಣ್ಣೆ ಮೇಲೆ ಪೇಂಟ್ ಹಿಡಿತಿಲ್ಯಾ?… ಸೋಡಾ ಹಾಕಿ ತೊಳ್ದ್, ಉಜ್ಜಿ… ಒಂದೊಂದ್ ಕೈ ಒಣ್ಗುಕೆ ಒಂದೊಂದ್ ದಿನವಾ?… ನಾಳೆ ಬತ್ರ್ ಮಾರಾಯ್ರೆ."

ಹಿಂದೆ ಯಾರೋ ಕೆಮ್ಮಿದರು. ವೈಕುಂಠ ತಿರುಗಿದ. ಕೊಡೆ ಹಿಡಿದು ನಿಂತವರು ದಾಮೋದರ ಉಪಾಧ್ಯರು. ನಾಳಿನ ಪ್ರಯಾಣಕ್ಕೆಂದು ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಇಳಿದಿದ್ದರು. ಬೆಕ್ಕಿನ ಮಾತಿನ ಹೊತ್ತಿಗೆ ಅವರು ಅಂಚೆ ಕಚೇರಿಯ ಮೆಟ್ಟಿಲು ಹತ್ತಿದ್ದರು. ದೋಣಿಯ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ.

"ಓ… ಬನ್ನಿ, ಬನ್ನಿ, ನಮಸ್ಕಾರ… ಲೀಲಾಧರ್ರೆ, ನಿಮ್ಗಲ್ಲ… ಹೌದ್, ಅವ್ರೇ."

ಉಪಾಧ್ಯರು ಹತ್ತಿರ ಬಂದು, ಸಾವಕಾಶವಾಗಿ ಎರಡು ಮಾತು ಹೇಳಿ, ಕಾರ್ಡು ಕೊಳ್ಳಲು ಕಿಟಕಿಯತ್ತ ಹೋದರು. ವೈಕುಂಠ ರಿಸೀವರಿಗೆ ಅಂಗೈ ಅಡ್ಡ ಹಿಡಿದು ದನಿ ತಗ್ಗಿಸಿದ.

"ಲೀಲಾಧರ್ರೆ, ಇದ್ರ್ಯಾ?… ಇಲ್ಲೆ, ಹೆಣ್ಣ್ ಕೊಡುದಿಲ್ಲ ಅಂದ್ ಹೇಳಿಲ್ಲೆ. ಬತ್ರಂಬ್ರ್. ಬಸ್ ಮಾತ್ರ ಹತ್ತುದಿಲ್ಯಂಬ್ರ್, ಮೈಲಿಗೆ ಆತ್ತಂಬ್ರ್… ಮತ್ತೆ ಹ್ಯಾಂಗೆ ಅಂದ್ರೆ… ಗಂಗೊಳ್ಳಿಂದ ಬೈಂದೂರಿಗೆ ದೋಣಿ ಮೇಲೆ. ದೋಣಿ ಆರೆ ಚೊಕ್ಕ ಇರ್ತ್ ಅಂದ್ರ್… ನಗಾಡ್ಬೇಡಿ ಅಂದೆ. ದೋಣಿಗೆ ಎಂತ ಹಚ್ಚುದ್ ಅಂದ್ ನಾನ್ ಈಗ್ಲೇ ಹೇಳ್ಕಾ, ಇಲ್ಲ ಗೋದಾವರಮ್ಮ ಹತ್ತಿ ಕೂತ್ಕಂಡ ಮೇಲಾ… ಹಲೋ?… ಹಲೋ?"

ತಂತಿ ಕಡಿದಿತ್ತು. ಕಾರ್ಡು ಕೊಂಡು ಬಂದ ಉಪಾಧ್ಯರು ಎದುರಿಗೇ ನಿಂತು ಕಾಯುತ್ತಿದ್ದರು. ವೈಕುಂಠ ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ.

"ಹಾಂ… ಹಾಂ… ಹೇಳಿ, ಕೇಣ್ತಿತ್ತ್…"