ಹಿಂಬದಿಯ ಹಾಳೆಗೆ ಒಂದು ಉತ್ತರ

ಮಾನ್ಯ ಅಧ್ಯಕ್ಷರಾದ ಭೋಜರಾಜ ಶೆಟ್ಟರೆ, ವೇದಿಕೆಯ ಮೇಲಿರುವ ಹಿರಿಯರೆ, ನಮ್ಮ ಕನ್ನಡ ಸಂಘದ ೨೦೦೨ನೇ ಸಾಲಿನ ವಾರ್ಷಿಕೋತ್ಸವಕ್ಕೆ ಬಂದಿರುವ ಸಭಿಕರೇ,

ಮೊದಲಿಗೆ ಕ್ಷಮೆ ಕೇಳುತ್ತೇನೆ. ಭಾಷಣ ಬರೆಯುವ ಯೋಗ್ಯತೆ ನನಗಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವನು. ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷೇ. "ಕಾಲೇಜು ಫಸ್ಟ್ ಇಯರಿನವರು ಯಾರೂ ಮೈಕಿನ ಹತ್ರ ಬರುದಿಲ್ಲ. ನೀನು ಓದುವ ಪುಸ್ತಕದ ಬಗ್ಗೆ ಎರಡು ಮಾತು ಹೇಳು ಮಾರಾಯ" ಎಂದು ಶೆಟ್ಟರು ತಮ್ಮ ಹೋಟೆಲಿನಲ್ಲಿ ದೋಸೆ ಮುಂದಿಟ್ಟು ಹೇಳಿದರು. ದೋಸೆ ತಿಂದ ಮೇಲೆ ಇಲ್ಲ ಎನ್ನುವುದು ಹೇಗೆ?

ನಾನು ಓದುವುದು ಕಾಮಿಕ್ಸ್. ನಗಬೇಡಿ. ತಾಂಬರಂ ಸ್ಟೇಷನ್ನಿನ ಹತ್ತಿರದ ಲೆಂಡಿಂಗ್ ಲೈಬ್ರರಿಯಲ್ಲಿ ಪ್ರತಿ ಪುಸ್ತಕದ ಹಿಂಬದಿಗೆ ಒಂದು ಬಿಳಿ ಹಾಳೆ ಅಂಟಿಸಿರುತ್ತಾರೆ. ಓದಿದವರು ಅಭಿಪ್ರಾಯ ಬರೆಯಬೇಕು, ಹೆಸರು ಬರೆಯುವಂತಿಲ್ಲ. ತಮಿಳು, ಇಂಗ್ಲಿಷುಗಳಲ್ಲಿ ಅಲ್ಲಿ ನಡೆಯುವ ಜಗಳ ನೋಡಿದರೆ ವಿಧಾನಸಭೆಯೇ ವಾಸಿ.

ನಾನು ಓದುತ್ತಿದ್ದ ಸರಣಿಯಲ್ಲಿ ಒಬ್ಬ ಮುಖವಾಡದ ಹೀರೋ, ಬಸ್ಸು ಓಡಿಸುವ ನೋರಾ ಎಂಬ ಹುಡುಗಿ. ಅವಳೆದುರು ಮುಖವಾಡ ತೆಗೆದು, ಮತ್ತೆ ಬರುತ್ತೇನೆಂದು ಹೇಳಿ ಅವನು ಹೋದ. ನಾನು ಹಾಳೆಯ ಮೇಲೆ ಬರೆದೆ: "ಬರೋದಿಲ್ಲ. ಪ್ರೀತಿ ತೋರಿಸೋದು ಪುಸ್ತಕ ಮಾರೋಕೆ. ನಂಬುವವರು ದಡ್ಡರು." ಕನ್ನಡದಲ್ಲಿ ಬರೆದೆ. ತಮಿಳರ ತಾಂಬರದಲ್ಲಿ ಇದನ್ನು ಓದುವವರು ಯಾರು ಎಂಬ ಧೈರ್ಯ.

ಮುಂದಿನ ವಾರ ಅದರ ಕೆಳಗೆ ಗುಂಡಗಿನ ಕನ್ನಡ ಅಕ್ಷರ: "ದಡ್ಡರ ಪಟ್ಟಿಗೆ ನನ್ನನ್ನೂ ಸೇರಿಸ್ಕೊಳ್ಳಿ ಸ್ವಾಮಿ. ಅವನು ಬರ್ತಾನೆ."

ಮೂರು ತಿಂಗಳು, ಆರು ಸಂಚಿಕೆ ಈ ವಾದ ನಡೆಯಿತು. ನಾನು ಸಿನಿಕ, ಆ ಅಕ್ಷರ ಆಶಾವಾದಿ. ಸಭಿಕರೇ, ಯಾರೆಂದು ಗೊತ್ತಿಲ್ಲದವರ ಎರಡು ಸಾಲಿಗಾಗಿ ಯಾರಾದರೂ ವೇಲಚೇರಿಯಿಂದ ತಾಂಬರಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಾರೆಯೇ? ನಾನು ಹೋದೆ. ಒಂದು ದಿನ ಆ ಅಕ್ಷರ ಕೇಳಿತು: "ಬರ್ತೀನಿ ಅಂತ ಹೇಳಿ ನಿಮ್ಮ ಹತ್ರ ಯಾರು ಬರ್ಲಿಲ್ಲ?" ನನಗೆ ಸಿಟ್ಟು ಬಂತು. "ನಿಮ್ಮ ಕೆಲಸ ನೋಡಿಕೊಳ್ಳಿ" ಎಂದು ಬರೆದೆ. ಆಮೇಲೆ ಐದು ವಾರದಿಂದ ಆ ಅಕ್ಷರ ಎಲ್ಲಿಯೂ ಇಲ್ಲ.

ಹಾಸ್ಟೆಲಿನಲ್ಲಿ ತಿಂಗಳಿಗೊಂದು ಭಾನುವಾರ ಮನೆಯವರು ಬಂದು ನೋಡಬಹುದಿತ್ತು. ಅಪ್ಪ ಬಂದರೆ ಅಮ್ಮ ಬರುತ್ತಿರಲಿಲ್ಲ, ಅಮ್ಮ ಬಂದರೆ ಅಪ್ಪ. "ಮುಂದಿನ ಸಲ ಇಬ್ಬರೂ ಬರ್ತೀವಿ ಪುಟ್ಟಾ" ಎಂದು ಅಪ್ಪನೂ ಹೇಳುತ್ತಿದ್ದರು, ಅಮ್ಮನೂ ಹೇಳುತ್ತಿದ್ದರು. ಎಂಟು ವರ್ಷ ನಾನು ಗೇಟಿನ ಹತ್ತಿರ ನಿಂತೆ. ಇದನ್ನು ಹೇಳಲು ನಾನು ಬಂದಿರಲಿಲ್ಲ. ಕೈಯಲ್ಲಿರುವ ಕಾಗದದಲ್ಲಿಯೂ ಇದಿಲ್ಲ.

ಕಳೆದ ವಾರ ಹೊಸ ಸಂಚಿಕೆ ಬಂತು. ಅವನು ಬಂದ. ತಡವಾಗಿ, ಕುಂಟುತ್ತಾ ಬಂದು ಅವಳ ಬಸ್ಸು ಹತ್ತಿದ. "ಒಳಗೆ ಹೋಗು, ಜಾಗ ಇದೆ" ಎಂದಳು ನೋರಾ, ಅಷ್ಟೇ. ಪುಸ್ತಕ ಮಾರುವುದಕ್ಕೇ ಇರಬಹುದು. ಆದರೂ ಆ ಪುಟವನ್ನು ನಾಲ್ಕು ಸಲ ಓದಿದೆ.

ತಾಂಬರದ ಕಡೆ ಕನ್ನಡ ಬರೆಯುವವರು ಎಷ್ಟು ಮಂದಿ? ಬಹುಪಾಲು ಈ ಸಭಾಂಗಣದಲ್ಲಿಯೇ ಇದ್ದೀರಿ. ಆ ಅಕ್ಷರ ಹುಡುಗಿಯದಾಗಿದ್ದರೆ ಚೆನ್ನ ಎನ್ನುತ್ತಾನೆ ನನ್ನ ರೂಮ್‌ಮೇಟ್ ನಿಶಾಂತ್. ಅಜ್ಜನದಾದರೂ ನನಗೆ ಸರಿಯೇ. ಆ ಅಕ್ಷರದವರೇ, ಗೆದ್ದವರು ನೀವು. ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಬರೆದದ್ದು ನನ್ನ ತಪ್ಪು. ಹೊಸ ಸಂಚಿಕೆಯ ಹಾಳೆಯಲ್ಲಿ ಇದನ್ನೇ ಬರೆದು, ಕೆಳಗೆ ಜಾಗ ಬಿಟ್ಟು, ಪುಸ್ತಕ ಹಿಂತಿರುಗಿಸಿದ್ದೇನೆ.

ಇಷ್ಟು ಹೊತ್ತು ನನ್ನ ಕನ್ನಡವನ್ನು ಸಹಿಸಿಕೊಂಡ ನಿಮ್ಮೆಲ್ಲರಿಗೂ ಕೃತಜ್ಞತೆಗಳು, ನಮಸ್ಕಾರ. ದಯವಿಟ್ಟು ಬೇಗ ಉತ್ತರ ಬರೆಯಿರಿ.