ನಾಲ್ಕು ಸಾಲು ಹೊಲಿಗೆ

ಮುಂಡರಗಿಯ ಮಾಶಾಕ ಟೇಲರರ ಅಂಗಡಿಯಲ್ಲಿ ಕುಪ್ಪಸಕ್ಕೆ ಕಾಯುತ್ತಿದ್ದ ಶಾಂಭವಿಗೆ ಈ ಮಾತು ಕೇಳಿಸಿತು. ಕಪ್ಪತಗುಡ್ಡದಲ್ಲಿ ಕಾಡಿನ ಬೆಂಕಿ ಆರಿಸುವ ಸಂಗಪ್ಪ, ಮರ ಕೊಯ್ಯುವ ಮಷೀನು ಹಿಡಿದಾಗ ಕಾಲಿಗೆ ಕಟ್ಟುವ, ಹರಿದದ್ದಕ್ಕೆ ಹೊಲಿಯಲು ಕೊಟ್ಟಿದ್ದ ದಪ್ಪ ಕವಚವನ್ನು ತಿರುವಿ ನೋಡುತ್ತಿದ್ದ.

“ಚಾಚಾ, ಒಳಗಿನ ಪದರಾನೂ ಕೂಡಿಸಿ ಹೊಲದೀರೇನ್ರಿ?”

“ನಾಕು ಸಾಲು ಹೊಡದೇನಿ. ಇನ್ನ ಬಿಚ್ಚಂಗಿಲ್ಲ.”

“ಮ್ಯಾಲಿನ ಅರಿವಿ ಅಷ್ಟ ಹೊಲೀಬೇಕಿತ್ರಿ. ಮಷೀನಿನ ಚೈನು ಕಾಲಿಗೆ ತಾಗಿದ್ರ ಒಳಗಿನ ಎಳಿ ಕಿತ್ತು ಬಂದು, ಅದಕ್ಕ ಸುತ್ತಿ ನಿಲ್ಲಿಸ್ತಾವು. ಈಗ ಕಿತ್ತು ಬರಂಗಿಲ್ಲ.”

“ಬಿಚ್ಚಿ ಕೊಡ್ಲೇನು?”

“ಸೂಜಿ ಹೊಕ್ಕ ಮ್ಯಾಲ ಅದು ಕೆಟ್ಟಂಗರಿ.”

“ಇಲಾಖೆಯವ್ರು ಹೊಸಾದು ಕೊಡಂಗಿಲ್ಲೇನು?”

“ಬ್ಯಾಸಗಿ ಮುಗದ ಮ್ಯಾಲ ಬರತೈತಂತ.”

ಮಾಶಾಕ ಕನ್ನಡಕ ತೆಗೆದರು. “ನಾಳೆ ಇದನ್ನ ಯಾರು ಕಟ್ಕೊಂತಾರಪಾ?”

“ನಾನ ಕಟ್ಕೊಂತೀನ್ರಿ. ಕೆಟ್ಟೈತಂತ ಗೊತ್ತಿಲ್ಲದಾಂವ ಕಟ್ಕೊಂಡ್ರ ಇದನ್ನ ನಂಬತಾನ.”

ಕವಚವನ್ನು ಹೆಗಲಿಗೆ ಹಾಕಿಕೊಂಡು ಸಂಗಪ್ಪ ಬಸ್ ಸ್ಟ್ಯಾಂಡಿನ ಕಡೆ ನಡೆದ.