ಎರಡನೇ ಬಸ್ಸಿನಿಂದ ಇಳಿಯದಿದ್ದ ಬಗ್ಗೆ

ನನ್ನ ಹೆಸರು ಮಾರ್ಸೆಲಿನಾ ನುನ್ಯೆಸ್, ದಿವಂಗತ ಎವಾರಿಸ್ತೊ ಅವರ ಹೆಂಡತಿ, ವಯಸ್ಸು 61, ಕಸುಬು ಮರಗೆಣಸಿನ ರೊಟ್ಟಿ ಸುಟ್ಟು ಮಾರುವುದು, ವಾಸ ಕಡಲದಂಡೆ ಬೀದಿ, ಪಾಯಿಂಟ್ ಗ್ರೇಸ್, ಬೆಲೀಜ್. ಬಸ್ಸು ತಡವಾದ ಬಗ್ಗೆ ಠಾಣೆಗೆ ಕರೆಸಿ ಕೇಳಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಊರು ಸಮುದ್ರಕ್ಕಿಂತ ಒಂದು ಮೊಳವೂ ಎತ್ತರವಿಲ್ಲ. ಚಂಡಮಾರುತದ ಕೆಂಪು ಬಾವುಟ ಏರಿದರೆ ಊರಿಗೆ ಊರೇ ಬಸ್ಸು ಹತ್ತಿ ಗುಡ್ಡದ ಕಡೆಯ ಶಾಲೆಗಳಿಗೆ ಹೋಗಬೇಕು. ಹಿಂದಿನ ಮೂರು ಗಾಳಿಗಳಲ್ಲೂ ನಮ್ಮ ಬೀದಿಯವರಿಗೆಲ್ಲ ಒಂದೇ ಶಾಲೆ, ಒಂದೇ ಕೋಣೆ. ಎದುರು ಮನೆಯ ತಿಯೊಫಿಲೊ ಕಯೆತಾನೊ, ವಯಸ್ಸು 66, ಮೀನು ಹಿಡಿಯುವವರು, ಹೆಂಡತಿ ತೀರಿಕೊಂಡವರು, ಅದೇ ಕೋಣೆಯಲ್ಲಿದ್ದರು.

ದೋಣಿಯೊಂದರ ಪಾಲಿನ ಜಗಳದಿಂದ ಅವರ ಮನೆಗೂ ನಮ್ಮ ಮನೆಗೂ ಮಾತಿಲ್ಲ. ಅವರು ಬೀದಿಗಿಳಿದರೆ ನಾನು ಒಳಗೆ ಹೋಗಬೇಕು, ನನ್ನ ಮಕ್ಕಳು ನೋಡುತ್ತಿರುತ್ತಾರೆ. ಹೊರಗೆ ತಗಡು ಹಾರುವಾಗ ಮಾತ್ರ ಯಾರ ಪಕ್ಕ ಯಾರು ಕುಳಿತರೆಂದು ಯಾರೂ ಕೇಳುವುದಿಲ್ಲ. ಹೋದ ಸಲ ಎರಡು ದಿನ ಪಕ್ಕದಲ್ಲೇ ಕುಳಿತು ಮಾತಾಡಿದೆವು. ಈಗಲೂ ಅವರ ಕೆಮ್ಮು ದಿನವೂ ಕೇಳುತ್ತದೆ. ಮಾತು ಕೇಳಿ ಮೂರು ವರ್ಷವಾಯಿತು. ಕೇಳಬೇಕೆಂದು ಜೀವ ಹಾತೊರೆಯುತ್ತದೆ.

ಇಂದು ಶನಿವಾರ ಬೆಳಿಗ್ಗೆ 9 ಗಂಟೆಗೆ ಊರು ಖಾಲಿ ಮಾಡುವ ತಾಲೀಮು ಇತ್ತು. ಹೊಸ ಏರ್ಪಾಡಿನಂತೆ ಬೀದಿಯ ಸಮುದ್ರದ ಬದಿಯವರಿಗೆ ಒಂದನೇ ಬಸ್ಸು, ಎದುರು ಬದಿಯವರಿಗೆ ಎರಡನೇ ಬಸ್ಸು. ಶಾಲೆಗಳೂ ಬೇರೆ, ನಡುವೆ 14 ಕಿಲೋಮೀಟರ್. ನಮ್ಮ ಮನೆ ಸಮುದ್ರದ ಬದಿ. ಆದರೂ ನಾನು ಎರಡನೇ ಬಸ್ಸು ಹತ್ತಿ ಕುಳಿತೆ. 9.20ಕ್ಕೆ ಕಾನ್‌ಸ್ಟೇಬಲ್ ಚೋಕ್ ಬಂದು, "ನಿಮ್ದು ಆ ಬಸ್ಸು ಕಣಮ್ಮ, ಇಳೀರಿ. ಇದು ಬರೀ ತಾಲೀಮು" ಎಂದರು. "ತಾಲೀಮಲ್ಲಿ ಇಳಿದ್ರೆ ಗಾಳಿ ಬಂದಾಗ್ಲೂ ಇಳಿಸ್ತೀರಿ" ಎಂದೆ. ಅಜ್ಜಿಗೆ ಡ್ರೈವರ್ ಮೇಲೆ ಮನಸ್ಸಾಗಿದೆ ಎಂದು ಹಿಂದಿನಿಂದ ಯಾರೋ ಗೇಲಿ ಮಾಡಿದರು. ಬಸ್ಸೆಲ್ಲ ನಕ್ಕಿತು.

ಒಂದೇ ಮನೆಯವರನ್ನು ಮಾತ್ರ ಒಟ್ಟಿಗೆ ಕಳಿಸುತ್ತೇವೆ, ಉಳಿದವರು ಅವರವರ ಬಸ್ಸಿಗೇ ಹೋಗಬೇಕು ಎಂದು ಕಾನ್‌ಸ್ಟೇಬಲ್ ಹೇಳಿದರು. ಆಗ ಮುಂದಿನ ಸೀಟಿನಲ್ಲಿದ್ದ ತಿಯೊಫಿಲೊ ಎದ್ದು ನಿಂತು, "ಅವ್ರು ನಮ್ಮನೆಯವ್ರೇ, ಸಾರ್" ಎಂದರು.

ಅವರ ಮಗಳು ಸೊಯ್ಲಾ, "ಯಾವಾಗಿಂದಪ್ಪಾ?" ಎಂದಳು.

"ಹೋದ್ ಸಲದ ಗಾಳಿಯಿಂದ" ಎಂದರು.

ಕಾನ್‌ಸ್ಟೇಬಲ್ ನನ್ನನ್ನು ಇಳಿಸದೆ ತಾವೇ ಇಳಿದು ಹೋದರು. ಬಸ್ಸು 9.50ಕ್ಕೆ ಹೊರಟಿತು. ತಡಕ್ಕೆ ನಾನೇ ಕಾರಣ. ಶಾಲೆ ತಲುಪಿದೊಡನೆ ತಲೆ ಎಣಿಸಿ ವಾಪಸು ಕರೆತಂದರು, ಪಕ್ಕದಲ್ಲಿ ಕೂರುವಷ್ಟು ಹೊತ್ತೂ ಸಿಗಲಿಲ್ಲ. ಬೀದಿಯಲ್ಲಿಳಿದು ಅವರು ಅವರ ಮನೆಗೆ ಹೋದರು, ನಾನು ನಮ್ಮ ಮನೆಗೆ ಬಂದೆ.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದೆ. ಊರಿಗೆ ಗಾಳಿ ಬರಲೆಂದು ನಾನು ಎಂದೂ ಬಯಸಿದವಳಲ್ಲ ಎಂದು, ಇದನ್ನು ಬರೆದುಕೊಂಡ ಸಾರ್ಜೆಂಟರು ನನ್ನ ಒಳ್ಳೆಯದಕ್ಕೇ ಕೊನೆಯಲ್ಲೊಂದು ವಾಕ್ಯ ಸೇರಿಸಿದ್ದರು. ಅದನ್ನು ಹೊಡೆದುಹಾಕಿಸಿದ್ದೇನೆ. ಉಳಿದದ್ದೆಲ್ಲ ನಿಜ.

ಸ್ಥಳ: ಪಾಯಿಂಟ್ ಗ್ರೇಸ್ ಠಾಣೆ
ದಿನಾಂಕ: 7 ಜೂನ್ 2025
ಸಹಿ: ಮಾರ್ಸೆಲಿನಾ ನುನ್ಯೆಸ್